ಮನೆಗಿಂತ ಮೊದಲು ನೆಲ: ವಸತಿ ಯೋಜನೆಗಳ ಅನುಷ್ಠಾನದಲ್ಲಿ ಗ್ರಾಮ ಪಂಚಾಯತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು

ಗ್ರಾಮ ಪಂಚಾಯತಿಯ ಸದಸ್ಯರ ಬಳಿಗೆ ಜನರು ತರುವ ಬೇಡಿಕೆಗಳಲ್ಲಿ ಮನೆಯ ಬೇಡಿಕೆಯು ಮೊದಲನೆಯದು. ರಸ್ತೆ, ಕುಡಿಯುವ ನೀರು, ಬೀದಿದೀಪಗಳನ್ನು ಊರು ಒಟ್ಟಾಗಿ ಕೇಳುತ್ತದೆ. ಮನೆಯನ್ನು ಮಾತ್ರ ಪ್ರತಿಯೊಂದು ಕುಟುಂಬವೂ ತಾನೇ ಬಂದು ಕೇಳುತ್ತದೆ. ಈ ಬೇಡಿಕೆಯನ್ನು ಪೂರೈಸಲೆಂದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಲವು ಯೋಜನೆಗಳನ್ನು ನಡೆಸುತ್ತಿವೆ. ಗುರಿ ನಿಗದಿಯಾಗುತ್ತದೆ, ಗ್ರಾಮಸಭೆಯಲ್ಲಿ ಫಲಾನುಭವಿಗಳ ಆಯ್ಕೆ ನಡೆಯುತ್ತದೆ, ಹಣವು ನೇರವಾಗಿ ಬ್ಯಾಂಕ್ ಖಾತೆಗೆ ಸಂದಾಯವಾಗುತ್ತದೆ. ಇಷ್ಟೆಲ್ಲ ವ್ಯವಸ್ಥೆಯಿದ್ದರೂ ಉಳವಿಯಂತಹ, ಕಾಡಿನ ನಡುವಿನ ಪಂಚಾಯತಿಗಳಲ್ಲಿ ಎಲ್ಲರಿಗಿಂತ ಹೆಚ್ಚು ಅಗತ್ಯವುಳ್ಳ ಕುಟುಂಬವೇ ಕೊನೆಯ ಹಂತದಲ್ಲಿ ಪಟ್ಟಿಯಿಂದ ಕಳಚಿ ಹೋಗುವುದುಂಟು. ಕಾರಣದ ಕಾಲಂನಲ್ಲಿ ಬರೆಯಲಾಗುವ ಮಾತು ಸಾಮಾನ್ಯವಾಗಿ ಒಂದೇ: ‘ನಿವೇಶನದ ದಾಖಲೆ ಇಲ್ಲ.’

ನಮ್ಮ ಜಿಲ್ಲೆಯ ಭೂಪ್ರದೇಶದಲ್ಲಿ ಸುಮಾರು ಶೇ. 80ರಷ್ಟು ಅರಣ್ಯ. ಜೋಯಿಡಾ ತಾಲ್ಲೂಕಿನಲ್ಲಂತೂ ಮನೆಯ ಹಿತ್ತಿಲು ದಾಟಿದರೆ ಅರಣ್ಯದ ಗಡಿ. ಇಲ್ಲಿ ವಸತಿಯ ಪ್ರಶ್ನೆಯು ಮನೆಯ ಕೆಳಗಿನ ನೆಲದ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಆದುದರಿಂದ ಫಲಾನುಭವಿಯನ್ನು ಆಯ್ಕೆ ಮಾಡಿದ ನಂತರ ದಾಖಲೆ ಹುಡುಕುವ ಕ್ರಮವನ್ನು ಬಿಟ್ಟು, ದಾಖಲೆಯ ದಾರಿಯನ್ನು ಮೊದಲು ಸಿದ್ಧಪಡಿಸಿ ನಂತರ ಆಯ್ಕೆಗೆ ಹೋಗುವುದು ಸೂಕ್ತ. ಯೋಜನೆಗಳ ಸ್ವರೂಪವನ್ನೂ, ಈ ದಾರಿಯಲ್ಲಿ ಸದಸ್ಯರು ಮಾಡಬಹುದಾದ ಕೆಲಸವನ್ನೂ ಮುಂದೆ ವಿವರಿಸಲಾಗಿದೆ.

1. ವಸತಿರಹಿತರು ಎಂದರೆ ಯಾರು?

ಜನಗಣತಿಯ ಪ್ರಕಾರ ವಸತಿರಹಿತರೆಂದರೆ ಛಾವಣಿಯುಳ್ಳ ಮನೆಯಲ್ಲಿ ವಾಸಿಸದೆ ರಸ್ತೆಬದಿ, ಸೇತುವೆಯ ಕೆಳಭಾಗ, ದೇವಸ್ಥಾನದ ಮಂಟಪ, ರೈಲು ನಿಲ್ದಾಣ ಮುಂತಾದ ಬಯಲು ಜಾಗಗಳಲ್ಲಿ ರಾತ್ರಿ ಕಳೆಯುವವರು. 2011ರ ಗಣತಿಯಲ್ಲಿ ದೇಶದಾದ್ಯಂತ ಇಂತಹ ಸುಮಾರು 17.7 ಲಕ್ಷ ಜನರು ಕಂಡುಬಂದರು. ಅವರಲ್ಲಿ 8.3 ಲಕ್ಷಕ್ಕೂ ಹೆಚ್ಚು ಜನರು ಗ್ರಾಮೀಣ ಪ್ರದೇಶದವರು. ವಸತಿಹೀನತೆಯು ಪಟ್ಟಣಗಳಿಗೆ ಮಾತ್ರ ಸೇರಿದ ಸಮಸ್ಯೆ ಎಂಬ ಸಾಮಾನ್ಯ ತಿಳಿವಳಿಕೆಯನ್ನು ಈ ಅಂಕಿ ತಿದ್ದುತ್ತದೆ.

ಆದರೆ ನಮ್ಮ ಹಳ್ಳಿಗಳಲ್ಲಿ ಬಯಲಲ್ಲಿ ಮಲಗುವವರು ವಿರಳ. ಇಲ್ಲಿನ ವಸತಿಹೀನತೆಯು ಬೇರೆ ರೂಪಗಳಲ್ಲಿದೆ. ಒಂದೇ ಸೂರಿನಡಿ ಅಣ್ಣತಮ್ಮಂದಿರ ಮೂರು ಸಂಸಾರಗಳು ಮೂರು ಒಲೆ ಹೂಡಿಕೊಂಡಿರುತ್ತವೆ. ಪ್ರತಿ ಮಳೆಗಾಲಕ್ಕೂ ಹೊಸದಾಗಿ ಹುಲ್ಲು ಅಥವಾ ಪ್ಲಾಸ್ಟಿಕ್ ಹೊದಿಸಬೇಕಾದ, ಬಿದಿರುತಟ್ಟಿಗೆ ಮಣ್ಣು ಮೆತ್ತಿದ ಗುಡಿಸಲುಗಳಿವೆ. ಗಂಡನನ್ನು ಕಳೆದುಕೊಂಡು ತವರಿನ ಜಗಲಿಯಲ್ಲಿ ಮಕ್ಕಳೊಂದಿಗೆ ಇರುವ ಹೆಣ್ಣುಮಕ್ಕಳಿದ್ದಾರೆ. ದುಡಿಮೆಗಾಗಿ ಗೋವೆಗೋ ಘಟ್ಟದ ಕೆಳಗೋ ಹೋಗಿ, ಸಮೀಕ್ಷೆಯ ದಿನ ಊರಿನಲ್ಲಿ ಇಲ್ಲದ ಕುಟುಂಬಗಳೂ ಇವೆ. ಇವರಾರೂ ಜನಗಣತಿಯ ವ್ಯಾಖ್ಯೆಗೆ ಸಿಗುವುದಿಲ್ಲ. ಇವರನ್ನು ಹೆಸರು ಹಿಡಿದು ಬಲ್ಲವರು ಆಯಾ ವಾರ್ಡಿನ ಸದಸ್ಯರು ಮಾತ್ರ. ವಾರ್ಡ್ ಸಭೆಗೆ ಕಾನೂನು ಫಲಾನುಭವಿಗಳನ್ನು ಗುರುತಿಸುವ ಅಧಿಕಾರವನ್ನು ಕೊಟ್ಟಿರುವ ಉದ್ದೇಶವೂ ಇದೇ.

ಸರ್ವೋಚ್ಚ ನ್ಯಾಯಾಲಯವು 1996ರ ಚಮೇಲಿ ಸಿಂಗ್ ಪ್ರಕರಣದಲ್ಲಿ ಆಶ್ರಯದ ಹಕ್ಕನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಕಂಡಿತು. ಆಶ್ರಯವೆಂದರೆ ತಲೆಯ ಮೇಲಿನ ಸೂರಷ್ಟೇ ಆಗದೆ ಗಾಳಿ, ಬೆಳಕು, ಶುದ್ಧ ನೀರು, ನೈರ್ಮಲ್ಯ, ರಸ್ತೆಗಳನ್ನೂ ಒಳಗೊಳ್ಳುತ್ತದೆ ಎಂಬುದು ಆ ತೀರ್ಪಿನ ಸಾರ. ಮನೆ ಮಂಜೂರಾತಿಯನ್ನು ಸದಸ್ಯರ ಅಥವಾ ಅಧಿಕಾರಿಗಳ ಕೃಪೆಯೆಂದು ಭಾವಿಸಲು ಇದರ ನಂತರ ಅವಕಾಶವಿಲ್ಲ.

2. ಯೋಜನೆಗಳು ನಡೆದು ಬಂದ ದಾರಿ

ಸ್ವಾತಂತ್ರ್ಯಾನಂತರದ ಗ್ರಾಮೀಣ ವಸತಿ ಕಾರ್ಯಕ್ರಮಗಳಲ್ಲಿ ಮುಖ್ಯವಾದ ಒಂದು ಹೆಜ್ಜೆಯು ನೆಲದಿಂದಲೇ ಆರಂಭವಾಗಿತ್ತೆಂಬುದು ಗಮನಾರ್ಹ. 1971ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಭೂರಹಿತ ಕೂಲಿಕಾರರಿಗೆ ನಿವೇಶನ ನೀಡುವ ಯೋಜನೆಯನ್ನು ಆರಂಭಿಸಿತು. 1985ರಲ್ಲಿ ಇಂದಿರಾ ಆವಾಸ್ ಯೋಜನೆಯು ಗ್ರಾಮೀಣ ಉದ್ಯೋಗ ಕಾರ್ಯಕ್ರಮದ ಅಂಗವಾಗಿ ಬಂದು, 1996ರ ಜನವರಿ 1ರಿಂದ ಸ್ವತಂತ್ರ ಯೋಜನೆಯಾಯಿತು. 2016ರ ಏಪ್ರಿಲ್ 1ರಿಂದ ಅದರ ಸ್ಥಾನದಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಜಾರಿಯಲ್ಲಿದೆ. 2024ರ ಮಾರ್ಚ್‌ವರೆಗೆ 2.95 ಕೋಟಿ ಮನೆಗಳ ಗುರಿಯಿತ್ತು; 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟವು 2028–29ರವರೆಗೆ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ನೀಡಿತು. ಇದಕ್ಕಾಗಿ ಹೊಸ ಆವಾಸ್ ಪ್ಲಸ್ ಸಮೀಕ್ಷೆಯೂ ನಡೆದಿದೆ.

ರಾಜ್ಯದಲ್ಲಿ 1991–92ರಲ್ಲಿ ಆಶ್ರಯ ಯೋಜನೆ ಬಂದಿತು. ವಸತಿ ಯೋಜನೆಗಳ ನಿರ್ವಹಣೆಗೆಂದು 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಸ್ಥಾಪನೆಯಾಯಿತು. ಇಂದು ನಿಗಮದ ಮೂಲಕ ಬಸವ ವಸತಿ ಯೋಜನೆ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಡಾ. ಬಿ. ಆರ್. ಅಂಬೇಡ್ಕರ್ ನಿವಾಸ ಯೋಜನೆ, ವಿಶೇಷ ವರ್ಗದವರಿಗೆ ದೇವರಾಜ ಅರಸು ವಸತಿ ಯೋಜನೆ ಮತ್ತು ನಿವೇಶನ ಯೋಜನೆಗಳು ನಡೆಯುತ್ತಿವೆ.

ಪರಿಶಿಷ್ಟ ಪಂಗಡದ ಕುಟುಂಬಗಳಿಗೆ ಮತ್ತೊಂದು ಅವಕಾಶವಿದೆ. 2024ರ ಅಕ್ಟೋಬರ್ 2ರಂದು ಆರಂಭವಾದ ಧರ್ತಿ ಆಬಾ ಜನಜಾತೀಯ ಗ್ರಾಮ ಉತ್ಕರ್ಷ ಅಭಿಯಾನದಲ್ಲಿ ಪಟ್ಟಿಯಲ್ಲಿರುವ ಗ್ರಾಮಗಳ ಅರ್ಹ ಕುಟುಂಬಗಳಿಗೆ ಪಕ್ಕಾ ಮನೆಯೂ ಅರಣ್ಯ ಹಕ್ಕುಗಳ ಮಾನ್ಯತೆಯೂ ಸೇರಿವೆ. ನಮ್ಮ ಜಿಲ್ಲೆಯ ಸಿದ್ದಿ ಸಮುದಾಯವು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿರುವುದರಿಂದ ಈ ಅಭಿಯಾನವು ಅವರಿಗೆ ಅನ್ವಯಿಸುತ್ತದೆ. ಕುಣಬಿ ಮತ್ತು ಗೌಳಿ ಸಮುದಾಯಗಳು ಆ ಪಟ್ಟಿಯಲ್ಲಿಲ್ಲ. ಅವರ ಬೇಡಿಕೆ ಇನ್ನೂ ಈಡೇರಿಲ್ಲ. ಒಂದೇ ಕಾಡಿನಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಗುಡಿಸಲುಗಳಿಗೆ ಎರಡು ಬೇರೆ ನಿಯಮಗಳು ಅನ್ವಯವಾಗುವುದು ಇದರಿಂದ. ಸದಸ್ಯರು ಅರ್ಜಿದಾರರಿಗೆ ಮೊದಲೇ ತಿಳಿಸಿದರೆ ಮುಂದಿನ ಮನಸ್ತಾಪಗಳು ತಪ್ಪುತ್ತವೆ.

3. ಅರ್ಹತೆ: ಹಂಚಿನ ಮಾಡಿನ ತೊಡಕು

ಪ್ರಧಾನ ಮಂತ್ರಿ ಆವಾಸ್ ಯೋಜನೆಯು ಮನೆಯಿಲ್ಲದವರನ್ನು ಮತ್ತು ಕಚ್ಚಾ ಗೋಡೆ, ಕಚ್ಚಾ ಛಾವಣಿಯ ಎರಡು ಕೋಣೆಗಳವರೆಗಿನ ಮನೆಗಳಲ್ಲಿ ಇರುವವರನ್ನು ಪರಿಗಣಿಸುತ್ತದೆ. ಭಿಕ್ಷೆಯಿಂದ ಬದುಕುವ ನಿರ್ಗತಿಕರು, ಬಿಡುಗಡೆಗೊಂಡ ಜೀತದಾಳುಗಳು, ಮಲ ಹೊರುವ ವೃತ್ತಿಯಲ್ಲಿದ್ದವರು ಹಾಗೂ ವಿಶೇಷ ದುರ್ಬಲ ಬುಡಕಟ್ಟಿನವರು ನೇರವಾಗಿ ಸೇರ್ಪಡೆಯಾಗುತ್ತಾರೆ. ಹೊರಗಿಡುವ ಮಾನದಂಡಗಳನ್ನು 2024ರಲ್ಲಿ ಸಡಿಲಿಸಿ 13ರಿಂದ 10ಕ್ಕೆ ಇಳಿಸಲಾಗಿದೆ. ದ್ವಿಚಕ್ರ ವಾಹನ, ರೆಫ್ರಿಜರೇಟರ್ ಅಥವಾ ಸ್ಥಿರ ದೂರವಾಣಿ ಇರುವುದು ಈಗ ಅನರ್ಹತೆಯಲ್ಲ. ಕುಟುಂಬದ ಸದಸ್ಯರೊಬ್ಬರ ಮಾಸಿಕ ಆದಾಯದ ಮಿತಿಯು 10,000 ರೂಪಾಯಿಯಿಂದ 15,000 ರೂಪಾಯಿಗೆ ಏರಿದೆ. ಹಳೆಯ ನಿಯಮದ ನೆನಪಿನಲ್ಲಿ ‘ಬೈಕ್ ಇದೆ’ ಎಂದು ಯಾರನ್ನೂ ಕೈಬಿಡಬಾರದು.

ಮಲೆನಾಡಿಗೆ ವಿಶೇಷವಾಗಿ ಸಂಬಂಧಿಸಿದ ತೊಡಕೊಂದಿದೆ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಹುಲ್ಲು, ಸೋಗೆ, ಬಿದಿರು, ಪ್ಲಾಸ್ಟಿಕ್ ಮತ್ತು ಕೈಹಂಚಿನ ಛಾವಣಿಗಳನ್ನು ಕಚ್ಚಾ ಎಂದೂ, ಯಂತ್ರದ ಹಂಚು ಮತ್ತು ತಗಡಿನ ಛಾವಣಿಗಳನ್ನು ಪಕ್ಕಾ ಎಂದೂ ವರ್ಗೀಕರಿಸಲಾಗಿತ್ತು. ನಮ್ಮ ಮಳೆಗೆ ಹುಲ್ಲಿನ ಮಾಡು ತಡೆಯದು. ಆದಕಾರಣ ಅತಿ ಬಡ ಕುಟುಂಬವೂ ಎಲ್ಲಿಂದಲೋ ಹಳೆಯ ಮಂಗಳೂರು ಹಂಚನ್ನೋ ತಗಡನ್ನೋ ತಂದು ಹೊದಿಸಿಕೊಂಡಿರುತ್ತದೆ. ಗೋಡೆ ಮಣ್ಣಿನದು, ನೆಲ ಸಗಣಿಯದು, ಆದರೂ ಛಾವಣಿಯ ಕಾಲಂನಲ್ಲಿ ಪಕ್ಕಾ ಎಂದು ದಾಖಲಾದರೆ ಕುಟುಂಬವು ಹೊರಗುಳಿಯುವ ಸಂಭವವಿದೆ. ಇಂತಹ ಕುಟುಂಬಗಳಿಗೆ ರಾಜ್ಯದ ಯೋಜನೆಗಳಲ್ಲಿ ಆದ್ಯತೆ ದೊರೆಯುವಂತೆ ಗ್ರಾಮಸಭೆಯು ನೋಡಿಕೊಳ್ಳಬಹುದು. ಸಮೀಕ್ಷೆಯ ವೇಳೆ ಸದಸ್ಯರು ಜೊತೆಗಿದ್ದು, ಮನೆಯ ನಿಜಸ್ಥಿತಿಯ ಚಿತ್ರವು ಸರಿಯಾಗಿ ದಾಖಲಾಗುವಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

4. ಹಣದ ಲೆಕ್ಕ

ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಒಂದು ಮನೆಗೆ 1.20 ಲಕ್ಷ ರೂಪಾಯಿ ಸಹಾಯಧನವಿದೆ. ಗುಡ್ಡಗಾಡು ರಾಜ್ಯಗಳಿಗೆ ಮತ್ತು ದುರ್ಗಮ ಪ್ರದೇಶಗಳಿಗೆ 1.30 ಲಕ್ಷ. ಕೇಂದ್ರ ಮತ್ತು ರಾಜ್ಯದ ಪಾಲು ನಮ್ಮಲ್ಲಿ 60:40. ಮನೆಯ ಕನಿಷ್ಠ ವಿಸ್ತೀರ್ಣ ಅಡುಗೆಯ ಜಾಗವೂ ಸೇರಿ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ. ಬಸವ ವಸತಿ ಯೋಜನೆಯ ಘಟಕ ಸಹಾಯಧನ 1.20 ಲಕ್ಷ, ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಗ್ರಾಮೀಣ ಭಾಗಕ್ಕೆ 1.75 ಲಕ್ಷ. ಪರಿಷ್ಕೃತ ಆದೇಶ ಬಂದಲ್ಲಿ ಅದರಂತೆ ನಡೆಯತಕ್ಕದ್ದು.

ಇದರ ಮೇಲೆ ಉದ್ಯೋಗ ಖಾತರಿಯಿಂದ 90 ಮಾನವ ದಿನಗಳ ಕೂಲಿ ಸಿಗುತ್ತದೆ. 2025–26ರ ದಿನಗೂಲಿ 370 ರೂಪಾಯಿಯಂತೆ ಇದು 33,300 ರೂಪಾಯಿ. ಶೌಚಾಲಯಕ್ಕೆ ಪ್ರತ್ಯೇಕವಾಗಿ 12,000 ರೂಪಾಯಿ. ಮೂರೂ ಸೇರಿದರೆ 1,65,300 ರೂಪಾಯಿ. ಚದರ ಅಡಿಗೆ 1,200 ರೂಪಾಯಿ ಎಂದು ಕಡಿಮೆಯಲ್ಲೇ ಲೆಕ್ಕ ಹಿಡಿದರೂ 269 ಚದರ ಅಡಿಗೆ 3,22,800 ರೂಪಾಯಿ ಬೇಕು. ಕುಟುಂಬವು ತಾನೇ ಹೊಂದಿಸಿಕೊಳ್ಳಬೇಕಾದ ಮೊತ್ತ ಸುಮಾರು 1,57,500 ರೂಪಾಯಿ. ಸಿಮೆಂಟ್, ಕಬ್ಬಿಣ, ಮರಳನ್ನು ಘಟ್ಟದ ರಸ್ತೆಯಲ್ಲಿ ಸಾಗಿಸಿ, ಲಾರಿ ಹೋಗದೆಡೆ ತಲೆಹೊರೆಯಲ್ಲಿ ಒಯ್ಯಬೇಕಾದ ಮಜರೆಗಳಲ್ಲಿ ಈ ಅಂತರ ಇನ್ನೂ ದೊಡ್ಡದು.

ಈ ಲೆಕ್ಕವನ್ನು ಮಂಜೂರಾತಿಗೆ ಮೊದಲೇ ಕುಟುಂಬದ ಮುಂದಿಡಬೇಕು. ಇಡದಿದ್ದರೆ ಹಳೆಯ ಗುಡಿಸಲನ್ನು ಕೆಡವಿ, ತಳಪಾಯ ಹಾಕಿ, ಮುಂದಿನ ಕಂತಿಗಾಗಿ ಸಾಲ ಮಾಡಿ, ಕೊನೆಗೆ ಗೋಡೆಯ ಮಟ್ಟದಲ್ಲಿ ಕೆಲಸ ನಿಲ್ಲುತ್ತದೆ. ಯೋಜನೆಯಡಿ ಇಚ್ಛಿಸುವವರಿಗೆ 70,000 ರೂಪಾಯಿವರೆಗಿನ ಬ್ಯಾಂಕ್ ಸಾಲಕ್ಕೆ ನೆರವು ಒದಗಿಸಲು ಅವಕಾಶವಿದೆ. ಮನೆಯ ಯಜಮಾನಿ ಸ್ವಸಹಾಯ ಸಂಘದ ಸದಸ್ಯೆಯಾಗಿದ್ದರೆ ಸಂಘದ ಸಾಲವು ಖಾಸಗಿ ಲೇವಾದೇವಿಗಿಂತ ಕ್ಷೇಮಕರ.

ದುರ್ಗಮ ಪ್ರದೇಶದ ವಿಷಯದಲ್ಲಿ ಒಂದು ಸೂಚನೆ. ಸಾಮಗ್ರಿಗಳ ಅಭಾವ, ಸಂಪರ್ಕದ ಕೊರತೆ, ಭೂರಚನೆ ಮತ್ತು ಹವಾಮಾನದ ಪ್ರತಿಕೂಲತೆಗಳಿಂದ ನಿರ್ಮಾಣ ವೆಚ್ಚ ಹೆಚ್ಚುವ ಪ್ರದೇಶಗಳನ್ನು ದುರ್ಗಮವೆಂದು ವರ್ಗೀಕರಿಸುವ ಕೆಲಸವನ್ನು ಯೋಜನೆಯ ಮಾರ್ಗಸೂಚಿಯು ರಾಜ್ಯಗಳಿಗೆ ಬಿಟ್ಟಿದೆ. ಕಾಡಿನ ನಡುವಿನ ಪಂಚಾಯತಿಗಳು ತಮ್ಮ ಮಜರೆಗಳಿಗೆ ತಗಲುವ ಸಾಗಣೆ ವೆಚ್ಚದ ನೈಜ ವಿವರಗಳೊಂದಿಗೆ ಠರಾವು ಮಾಡಿ ಮೇಲಿನ ಹಂತಕ್ಕೆ ಕಳುಹಿಸುವುದು ಉಚಿತ. ಅಂಕಿಅಂಶವಿಲ್ಲದ ಠರಾವಿಗಿಂತ ಹತ್ತು ಮನೆಗಳ ಸಾಗಣೆ ಬಿಲ್ಲುಗಳನ್ನು ಲಗತ್ತಿಸಿದ ಠರಾವಿಗೆ ಹೆಚ್ಚಿನ ತೂಕವಿರುತ್ತದೆ.

5. ನೆಲ ಯಾವುದು, ದಾರಿ ಯಾವುದು?

ಒಂದು ಕುಟುಂಬವು ‘ನಮಗೆ ಜಾಗವಿದೆ’ ಎಂದಾಗ ಆ ಜಾಗವು ನಾಲ್ಕು ಬಗೆಗಳಲ್ಲಿ ಯಾವುದಕ್ಕೆ ಸೇರಿದೆ ಎಂಬುದನ್ನು ತಿಳಿಯಬೇಕು. ಪ್ರತಿಯೊಂದಕ್ಕೂ ದಾರಿ ಬೇರೆ.

(ಅ) ಗಾಂವಠಾಣ ಅಥವಾ ಮಾಲ್ಕಿ ಜಾಗ. ಗಾಂವಠಾಣದ ಒಳಗಿನ ಮನೆಗಳಿಗೆ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11 ನೀಡಬಹುದು. ಮಾಲ್ಕಿ ಜಾಗದಲ್ಲಿನ ಸಾಮಾನ್ಯ ತೊಡಕೆಂದರೆ ಪಹಣಿಯು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿರುವುದು ಮತ್ತು ಹಕ್ಕುದಾರರು ಅನೇಕರಿರುವುದು. ಪೌತಿ ಖಾತೆ ಮಾಡಿಸುವುದು ಮೊದಲ ಹೆಜ್ಜೆ. ಉಳಿದ ಪಾಲುದಾರರ ಒಪ್ಪಿಗೆಯನ್ನು ಊರಿನ ಹಿರಿಯರ ಸಮ್ಮುಖದಲ್ಲಿ ಮುಂಚಿತವಾಗಿ ಪಡೆಯುವಲ್ಲಿ ಸದಸ್ಯರ ಮಾತಿಗೆ ಬೆಲೆಯಿದೆ.

(ಆ) ಸರ್ಕಾರಿ ಕಂದಾಯ ಜಾಗ. ಇಂತಹ ಜಾಗದಲ್ಲಿ ಕಾಯ್ದೆ ಸೂಚಿಸಿದ ದಿನಾಂಕಕ್ಕೆ ಮೊದಲೇ ಮನೆ ಕಟ್ಟಿಕೊಂಡಿದ್ದರೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಕಲಂ 94ಸಿ ಅಡಿಯಲ್ಲಿ ಸಕ್ರಮಗೊಳಿಸಿಕೊಳ್ಳಲು ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬಹುದು. ಈ ಕಲಮು ಅರಣ್ಯ ಜಾಗಕ್ಕೆ ಅನ್ವಯಿಸುವುದಿಲ್ಲ. ಅರಣ್ಯದ ಮನೆಗೆ 94ಸಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಕುಟುಂಬಕ್ಕೆ ಇದನ್ನು ಮೊದಲೇ ತಿಳಿಸುವುದು ದೊಡ್ಡ ಉಪಕಾರ.

(ಇ) ಅರಣ್ಯ ಜಾಗ. ಇಲ್ಲಿ 2006ರ ಅರಣ್ಯ ಹಕ್ಕುಗಳ ಮಾನ್ಯತೆ ಕಾಯ್ದೆಯೇ ದಾರಿ. ಇದನ್ನು ಮುಂದಿನ ಭಾಗದಲ್ಲಿ ವಿವರಿಸಲಾಗಿದೆ.

(ಈ) ಯಾವ ಜಾಗವೂ ಇಲ್ಲದವರು. ಭೂರಹಿತ ಫಲಾನುಭವಿಗೆ ಸರ್ಕಾರಿ ಅಥವಾ ಪಂಚಾಯತಿಯ ಸಾರ್ವಜನಿಕ ಜಾಗದಲ್ಲಿ ನಿವೇಶನ ಒದಗಿಸುವುದು ರಾಜ್ಯದ ಹೊಣೆಯೆಂದು ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಮಾರ್ಗಸೂಚಿಯೇ ಹೇಳುತ್ತದೆ. ಪಂಚಾಯತಿಯು ತನ್ನ ವ್ಯಾಪ್ತಿಯ ಖಾಲಿ ಕಂದಾಯ ಜಾಗಗಳ ಸರ್ವೆ ನಂಬರುಗಳನ್ನು ಗುರುತಿಸಿ, ನಿವೇಶನರಹಿತರ ಪಟ್ಟಿಯೊಂದಿಗೆ ತಹಶೀಲ್ದಾರರಿಗೆ ಪ್ರಸ್ತಾವನೆ ಸಲ್ಲಿಸಬೇಕು. ಪ್ರಸ್ತಾವನೆಯೇ ಇಲ್ಲದಿದ್ದರೆ ಜಾಗ ಕಾಯ್ದಿರಿಸುವ ಪ್ರಶ್ನೆ ಉದ್ಭವಿಸುವುದಿಲ್ಲ.

ಹಕ್ಕು ನಿರ್ಧಾರವಾಗದ ಅರಣ್ಯ ಜಾಗದಲ್ಲಿ ‘ಮುಂದೆ ನೋಡೋಣ’ ಎಂದು ಮಂಜೂರಾತಿ ಕೊಡಿಸುವುದು ಕುಟುಂಬಕ್ಕೆ ಮಾಡುವ ಉಪಕಾರವಲ್ಲ. ತಳಪಾಯದ ಹಂತದಲ್ಲಿ ಕೆಲಸ ನಿಂತು, ಅರಣ್ಯ ಮೊಕದ್ದಮೆಯೂ ದಾಖಲಾಗಬಹುದು. ಮೇಲಾಗಿ ಒಮ್ಮೆ ನಿಗಮದ ತಂತ್ರಾಂಶದಲ್ಲಿ ಫಲಾನುಭವಿಯೆಂದು ನಮೂದಾದ ಕುಟುಂಬಕ್ಕೆ ಮತ್ತೊಮ್ಮೆ ಮನೆ ಪಡೆಯುವುದು ಕಷ್ಟ. ಹಳೆಯ ಗುಡಿಸಲೂ ಹೋಗಿ, ಹೊಸ ಮನೆಯೂ ಆಗದೆ, ಪಟ್ಟಿಯಲ್ಲಿ ಮಾತ್ರ ‘ಮನೆ ಪಡೆದವರು’ ಎಂದು ಉಳಿಯುವ ಸ್ಥಿತಿ ಯಾರಿಗೂ ಬರಬಾರದು.

6. ಅರಣ್ಯ ಹಕ್ಕು ಮತ್ತು ಪಂಚಾಯತಿಯ ಕಪಾಟು

ಅರಣ್ಯ ಹಕ್ಕು ಕಾಯ್ದೆಯ ಕಲಂ 3(1)(ಎ) ಸಾಗುವಳಿಗೆ ಮಾತ್ರವಲ್ಲದೆ ವಾಸಕ್ಕೂ ಹಕ್ಕು ನೀಡುತ್ತದೆ. ಗದ್ದೆಗೆ ಅರ್ಜಿ ಹಾಕಿ ಮನೆಯ ಜಾಗವನ್ನು ಅರ್ಜಿಯಲ್ಲಿ ತೋರಿಸದೆ ಬಿಟ್ಟರೆ ಮುಂದೆ ವಸತಿ ಯೋಜನೆಗೆ ತೊಂದರೆಯಾಗುತ್ತದೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸ್ವಾಧೀನವಿರಬೇಕು. ಮಿತಿ 4 ಹೆಕ್ಟೇರ್. ಹಕ್ಕುಪತ್ರವು ಪತಿ ಮತ್ತು ಪತ್ನಿಯ ಜಂಟಿ ಹೆಸರಿನಲ್ಲಿರುತ್ತದೆ. ವಾರಸುದಾರರಿಗೆ ಹೋಗುತ್ತದೆ, ಆದರೆ ಮಾರುವಂತಿಲ್ಲ. ಹಕ್ಕುಪತ್ರ ದೊರೆತ ಕುಟುಂಬವು ವಸತಿ ಯೋಜನೆಗಳಿಗೂ ಉದ್ಯೋಗ ಖಾತರಿಯ ವೈಯಕ್ತಿಕ ಕಾಮಗಾರಿಗಳಿಗೂ ಅರ್ಹವಾಗುತ್ತದೆ. ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲವೆಂದು ಕಲಂ 4(5) ಸ್ಪಷ್ಟಪಡಿಸಿದೆ. ಕಾಡಿನೊಳಗಿನ ಹಳೆಯ ಜನವಸತಿಗಳನ್ನು ಕಂದಾಯ ಗ್ರಾಮಗಳಾಗಿ ಪರಿವರ್ತಿಸುವ ಹಕ್ಕು ಕಲಂ 3(1)(ಎಚ್)ನಲ್ಲಿದೆ.

ಪರಿಶಿಷ್ಟ ಪಂಗಡದವರು 2005ರ ಸ್ವಾಧೀನವನ್ನು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಾಂಕಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ವಾಸವಿದ್ದು ಜೀವನೋಪಾಯಕ್ಕೆ ಅದನ್ನು ಅವಲಂಬಿಸಿದ್ದನ್ನು ತೋರಿಸಬೇಕು. ನಮ್ಮ ಜಿಲ್ಲೆಯಲ್ಲಿ ಸಲ್ಲಿಕೆಯಾದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾಗಿರುವುದಕ್ಕೆ ಈ 75 ವರ್ಷದ ಸಾಕ್ಷ್ಯವೇ ಮುಖ್ಯ ಕಾರಣ. ಇಲ್ಲಿ ಕಾಯ್ದೆಯ ಶಬ್ದಗಳನ್ನು ಗಮನವಿಟ್ಟು ಓದಬೇಕು. ಕಲಂ 2(ಒ) ಕೇಳುವುದು ಅರಣ್ಯದಲ್ಲಿನ ವಾಸವನ್ನೂ ಅವಲಂಬನೆಯನ್ನೂ. ಅದೇ ತುಂಡು ಭೂಮಿಯನ್ನು 75 ವರ್ಷ ಸಾಗುವಳಿ ಮಾಡಿದ ದಾಖಲೆಯನ್ನು ಅದು ಕೇಳುವುದಿಲ್ಲ.

ಸಾಕ್ಷ್ಯವೆಂದರೆ ಸರ್ಕಾರಿ ಮುದ್ರೆಯ ಕಾಗದವೇ ಆಗಬೇಕೆಂದಿಲ್ಲ. ನಿಯಮ 13ರಲ್ಲಿ ಗೆಜೆಟಿಯರ್, ಗಣತಿ, ನಕ್ಷೆ, ಮತದಾರರ ಗುರುತಿನ ಚೀಟಿ, ಪಡಿತರ ಚೀಟಿ, ಮನೆ ತೆರಿಗೆಯ ರಸೀದಿಗಳ ಜೊತೆಗೆ ಮನೆ, ಬದು, ಗದ್ದೆಯ ಮೆಟ್ಟಿಲುಗಳು, ಬಾವಿ, ಸ್ಮಶಾನ, ದೇವಸ್ಥಾನಗಳು, ವಂಶಾವಳಿ ಮತ್ತು ಅರ್ಜಿದಾರರಲ್ಲದ ಹಿರಿಯರ ಬರವಣಿಗೆಯ ಹೇಳಿಕೆಗಳೂ ಸೇರಿವೆ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯವನ್ನು ಕೊಡಬೇಕು. ನಿರ್ದಿಷ್ಟ ರೂಪದ ದಾಖಲೆಯನ್ನೇ ಕೊಡಿ ಎಂದು ಸಮಿತಿಗಳು ಒತ್ತಾಯಿಸುವಂತಿಲ್ಲವೆಂದು 2012ರ ತಿದ್ದುಪಡಿಯು ಹೇಳಿದೆ. ತಿರಸ್ಕಾರದ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಮೇಲಿನ ಸಮಿತಿಗೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸುವ ಕುರಿತು ಸರ್ವೋಚ್ಚ ನ್ಯಾಯಾಲಯವು 2019ರ ಫೆಬ್ರವರಿ 13ರಂದು ನೀಡಿದ ಆದೇಶವನ್ನು ಅದೇ ತಿಂಗಳ 28ರಂದು ತಡೆಹಿಡಿದು, ತಿರಸ್ಕಾರಗಳು ವಿಧಿವತ್ತಾಗಿ ನಡೆದಿವೆಯೇ ಎಂಬ ವಿವರವನ್ನು ರಾಜ್ಯಗಳಿಂದ ಕೇಳಿತು. ಆದುದರಿಂದ ತಿರಸ್ಕಾರವೇ ಕೊನೆಯ ಮಾತೆಂದು ಯಾರೂ ಧೃತಿಗೆಡಬೇಕಾಗಿಲ್ಲ.

ಮೇಲಿನ ಸಾಕ್ಷ್ಯಗಳಲ್ಲಿ ಮನೆ ತೆರಿಗೆಯ ದಾಖಲೆಯು ಬೇರೆಲ್ಲಿಯೂ ಇಲ್ಲದೆ ನಮ್ಮ ಕಚೇರಿಗಳಲ್ಲೇ ಇದೆ. ಪಂಚಾಯತಿಯ ಹಳೆಯ ತೆರಿಗೆ ಬೇಡಿಕೆ ವಹಿಗಳು, ಜನನ ಮರಣ ನೋಂದಣಿಗಳು, ಶಾಲೆಯ ದಾಖಲಾತಿ ಪುಸ್ತಕಗಳು ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿದ್ದರೆ ಕೆಲವು ಕುಟುಂಬಗಳ ಮನೆಯ ಹಕ್ಕೇ ನಾಶವಾಗುತ್ತಿದೆಯೆಂದು ತಿಳಿಯಬೇಕು. ಅವುಗಳನ್ನು ಹೊರತೆಗೆದು, ಒಣಗಿಸಿ, ಪುಟಪುಟವಾಗಿ ಛಾಯಾಚಿತ್ರ ತೆಗೆದು, ಅರ್ಜಿದಾರರಿಗೆ ದೃಢೀಕೃತ ನಕಲು ಕೊಡುವುದಕ್ಕೆ ಯಾವ ಅನುದಾನಕ್ಕೂ ಕಾಯಬೇಕಾಗಿಲ್ಲ.

7. ಸ್ಥಳಾಂತರದ ಅನುಭವ

ಮನೆ ಬಿಟ್ಟು ಹೋಗುವುದೆಂದರೇನೆಂದು ಜೋಯಿಡಾ ತಾಲ್ಲೂಕಿಗೆ ಗೊತ್ತು. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನಿಂದ ಹಳೆಯ ಸೂಪಾ ಪೇಟೆಯೇ ಮುಳುಗಿತು. ತಾಲ್ಲೂಕು ಕೇಂದ್ರವು ಜೋಯಿಡಾಕ್ಕೆ ಬಂದಿತು. ಸಂತ್ರಸ್ತರಲ್ಲಿ ಅನೇಕರು ರಾಮನಗರದಲ್ಲಿ ನೆಲೆಯೂರಿದರು. ಇಂದು ತಾಲ್ಲೂಕಿನ ಹಲವು ಹಳ್ಳಿಗಳು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಅಥವಾ ಅಂಚಿನಲ್ಲಿವೆ. ಸ್ಥಳಾಂತರಕ್ಕೆ ಒಪ್ಪುವ ಕುಟುಂಬಕ್ಕೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಪರಿಹಾರವು 2021ರಿಂದ 15 ಲಕ್ಷ ರೂಪಾಯಿ. ಆದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದು ಸ್ವಇಚ್ಛೆಯದಾಗಿರಬೇಕು. ಅದಕ್ಕೆ ಮೊದಲು ಅರಣ್ಯ ಹಕ್ಕುಗಳ ನಿರ್ಧಾರ ಪೂರ್ಣಗೊಂಡಿರಬೇಕು. ಗ್ರಾಮಸಭೆಯ ತಿಳಿವಳಿಕೆಯುಳ್ಳ ಒಪ್ಪಿಗೆ ಇರಬೇಕು. ಬೇಡವೆನ್ನುವ ಕುಟುಂಬವನ್ನು ‘ಹೇಗೂ ಒಂದು ದಿನ ಹೋಗುವವರು’ ಎಂಬ ಊಹೆಯ ಮೇಲೆ ವಸತಿ ಪಟ್ಟಿಯಿಂದ ಬಿಡುವುದು ನ್ಯಾಯವಲ್ಲ. ಹೋಗುವೆನೆನ್ನುವ ಕುಟುಂಬವು ಹಣವನ್ನು ಕೈಯಲ್ಲಿ ಹಿಡಿಯುವ ಮೊದಲು ಹೊಸ ಊರಿನಲ್ಲಿ ನಿವೇಶನ ಗಟ್ಟಿಮಾಡಿಕೊಂಡಿದೆಯೇ ಎಂದು ವಿಚಾರಿಸುವುದು ಸದಸ್ಯರ ಹೊಣೆ.

8. ಮಳೆಗಾಲವನ್ನು ಲೆಕ್ಕಕ್ಕೆ ಹಿಡಿಯಬೇಕು

ಉಳವಿಯ ಸುತ್ತಿನಲ್ಲಿ ಮನೆ ಕಟ್ಟಲು ಸಿಗುವ ಕಾಲ ನವೆಂಬರ್‌ನಿಂದ ಮೇ ತಿಂಗಳವರೆಗೆ ಮಾತ್ರ. ಮಾರ್ಚ್‌ನಲ್ಲಿ ಕಾರ್ಯಾದೇಶ ಕೊಟ್ಟರೆ ಗೋಡೆಯು ಛಾವಣಿಯಿಲ್ಲದೆ ಮಳೆಗೆ ಸಿಗುತ್ತದೆ. ಆದುದರಿಂದ ದಾಖಲೆಗಳ ಕೆಲಸವನ್ನು ಮಳೆಗಾಲದಲ್ಲೇ ಮುಗಿಸಿ, ದೀಪಾವಳಿಯ ಹೊತ್ತಿಗೆ ತಳಪಾಯ, ಜನವರಿಗೆ ಲಿಂಟಲ್ ಮಟ್ಟ, ಮಾರ್ಚ್‌ಗೆ ಛಾವಣಿ ಎಂಬ ಕ್ರಮವನ್ನು ಇಟ್ಟುಕೊಳ್ಳಬೇಕು. ಪ್ರತಿ ಹಂತದ ಛಾಯಾಚಿತ್ರವು ಸ್ಥಳದ ಅಕ್ಷಾಂಶ, ರೇಖಾಂಶಗಳೊಂದಿಗೆ ದಾಖಲಾದ ನಂತರವೇ ಮುಂದಿನ ಕಂತು ಬರುತ್ತದೆ. ನೆಟ್‌ವರ್ಕ್ ಇಲ್ಲದ ಮಜರೆಗಳಿಗೆ ಸಿಬ್ಬಂದಿಯ ಭೇಟಿಯ ದಿನವನ್ನು ಮುಂಚಿತವಾಗಿ ಗೊತ್ತುಪಡಿಸಿದರೆ ವಿಳಂಬ ತಪ್ಪುತ್ತದೆ.

ವಿನ್ಯಾಸದ ಬಗ್ಗೆ ಎರಡು ಮಾತು. ಸಮತಟ್ಟಾದ ಕಾಂಕ್ರೀಟ್ ಛಾವಣಿಯೇ ಪಕ್ಕಾ ಮನೆಯ ಲಕ್ಷಣವೆಂಬ ನಂಬಿಕೆ ನಮ್ಮ ಹವೆಗೆ ಹೊಂದುವುದಿಲ್ಲ. ನೀರು ನಿಂತು ಸೋರುವ ಕಾಂಕ್ರೀಟಿಗಿಂತ, ಸಾಕಷ್ಟು ಇಳಿಜಾರುಳ್ಳ ಮಂಗಳೂರು ಹಂಚಿನ ಮಾಡು ಅಗ್ಗ, ತಂಪು ಮತ್ತು ದುರಸ್ತಿಗೆ ಸುಲಭ. ಸೂರು ಗೋಡೆಯಿಂದ ಎರಡು ಅಡಿಯಾದರೂ ಮುಂದೆ ಬರಬೇಕು. ತಳಪಾಯವು ಅಂಗಳದ ಮಟ್ಟಕ್ಕಿಂತ ಒಂದೂವರೆ ಅಡಿಯಾದರೂ ಎತ್ತರವಿರಬೇಕು. ಗುಡ್ಡದ ಬದಿಯ ನೀರು ಸರಿಯಲು ಚರಂಡಿ ಬೇಕು. ಹಳೆಯ ಮನೆಯ ಗಟ್ಟಿ ತೊಲೆ, ಬಾಗಿಲು, ಹಂಚುಗಳನ್ನು ಮರುಬಳಸಿದರೆ ಹಣದ ಅಂತರ ಸ್ವಲ್ಪವಾದರೂ ಕಡಿಮೆಯಾಗುತ್ತದೆ. ಹಳೆಯ ಗುಡಿಸಲನ್ನು ಹೊಸ ಮನೆಯ ಛಾವಣಿ ಆಗುವವರೆಗೆ ಕೆಡವದಿರುವುದು ಎಲ್ಲಕ್ಕಿಂತ ಮುಖ್ಯ.

9. ಮುಂದಿನ ಗ್ರಾಮಸಭೆಗೆ ಮುನ್ನ

ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನಲ್ಲಿ ಕೈಗೊಳ್ಳಬಹುದಾದ ಕೆಲಸಗಳು ಹೀಗಿವೆ:

(1) ಮನೆಯಿಲ್ಲದ ಮತ್ತು ಕಚ್ಚಾ ಮನೆಯ ಕುಟುಂಬಗಳ ಪಟ್ಟಿಯನ್ನು ಮಜರೆವಾರು ಬರೆದು, ಪ್ರತಿ ಹೆಸರಿನ ಮುಂದೆ ಜಾಗದ ಬಗೆಯನ್ನು ಅ, ಆ, ಇ, ಈ ಎಂದು ಗುರುತಿಸುವುದು.

(2) ಕೂಡು ಕುಟುಂಬದಲ್ಲಿ ಬೇರೆ ಒಲೆ ಹೂಡಿದವರಿಗೆ ಪ್ರತ್ಯೇಕ ಪಡಿತರ ಚೀಟಿ, ಉದ್ಯೋಗ ಚೀಟಿ ಮತ್ತು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇದೆಯೇ ಎಂದು ನೋಡುವುದು.

(3) ದುಡಿಮೆಗೆ ಹೊರಗೆ ಹೋದ ಕುಟುಂಬಗಳ ಹೆಸರು ಬಿಟ್ಟುಹೋಗದಂತೆ ಅವರ ಬಂಧುಗಳ ಮೂಲಕ ಮಾಹಿತಿ ತರಿಸಿಕೊಳ್ಳುವುದು. ಹಳಿಯಾಳ ಭಾಗದಲ್ಲಿ ಕಬ್ಬು ಕಟಾವಿಗೆ ಬಂದು ಬಿಡಾರ ಹೂಡಿದವರಿದ್ದರೆ, ಅವರ ಸ್ವಂತ ಊರಿನ ಪಂಚಾಯತಿಯ ಪಟ್ಟಿಯಲ್ಲಿ ಹೆಸರಿದೆಯೇ ಎಂದು ವಿಚಾರಿಸುವುದು.

(4) ತಿರಸ್ಕೃತ ಅರಣ್ಯ ಹಕ್ಕು ಅರ್ಜಿಗಳ ಹಿಂಬರಹಗಳನ್ನು ಸಂಗ್ರಹಿಸಿ, ಕಾರಣ ಬರೆಯದ ಪ್ರಕರಣಗಳನ್ನು ಅರಣ್ಯ ಹಕ್ಕು ಸಮಿತಿಯ ಮುಂದಿಡುವುದು; ಹಿರಿಯರು ಬದುಕಿರುವಾಗಲೇ ಅವರ ಹೇಳಿಕೆಗಳನ್ನು ಬರೆಸಿಕೊಳ್ಳುವುದು.

(5) ಅರ್ಧಕ್ಕೆ ನಿಂತ ಮನೆಗಳನ್ನು ಭೇಟಿ ಮಾಡಿ, ನಿಂತ ಕಾರಣವು ಹಣವೋ, ದಾಖಲೆಯೋ, ಕಾಯಿಲೆಯೋ, ಮಳೆಯೋ ಎಂಬುದನ್ನು ಪಂಚಾಯತಿಯ ಸಭೆಯಲ್ಲಿ ವರದಿ ಮಾಡುವುದು.

(6) ಆಯ್ಕೆಯ ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ಸೂಚನಾ ಫಲಕದಲ್ಲಿ ಹಚ್ಚುವುದು. ಕೈಬಿಟ್ಟ ಹೆಸರುಗಳನ್ನೂ ಕೈಬಿಟ್ಟ ಕಾರಣವನ್ನೂ ನಡಾವಳಿಯಲ್ಲಿ ಬರೆಸುವುದು.

ಕೊನೆಯ ಅಂಶವನ್ನು ವಿಶೇಷವಾಗಿ ಪಾಲಿಸಬೇಕೆಂದು ಕೋರಲಾಗಿದೆ. ‘ನಿವೇಶನದ ದಾಖಲೆ ಇಲ್ಲ’ ಎಂದು ಬರೆದ ಪ್ರತಿಯೊಂದು ಸಾಲಿನ ಮುಂದೆ ಆ ದಾಖಲೆಯನ್ನು ಪಡೆಯಲು ಯಾವ ಕಚೇರಿಗೆ, ಯಾವ ದಿನ, ಯಾವ ಅರ್ಜಿ ಹೋಗಿದೆ ಎಂಬುದನ್ನೂ ಬರೆದರೆ, ಮುಂದಿನ ವರ್ಷದ ಗ್ರಾಮಸಭೆಯಲ್ಲಿ ಆ ಕುಟುಂಬದ ಪ್ರಕರಣವು ಮೊದಲಿನಿಂದ ಆರಂಭವಾಗದೆ ನಿಂತಲ್ಲಿಂದ ಮುಂದುವರಿಯುತ್ತದೆ. ಸದಸ್ಯರ ಅವಧಿ ಐದು ವರ್ಷ, ಅಧಿಕಾರಿಗಳು ವರ್ಗಾವಣೆಯಾಗುತ್ತಾರೆ. ಯಾರು ಬಂದರೂ ಹೋದರೂ ಕಚೇರಿಯಲ್ಲಿ ಉಳಿಯುವುದು ನಡಾವಳಿಯ ಪುಸ್ತಕ. ಅದರಲ್ಲಿ ಈ ಕುಟುಂಬಗಳ ವಿವರವು ಸರಿಯಾಗಿ ದಾಖಲಾಗಿರಲಿ.